ಅಂಗಿಯ ಬೆನ್ನಿಗೆ ಹಿಡಿಸದ ಹೆಸರುಗಳು

ಹನುಮಂತರಾಯಪ್ಪ ಎಂಬ ಹೆಸರಿಗೆ ಕನ್ನಡದಲ್ಲಿ 7 ಅಕ್ಷರ ಸಾಕು. ರೋಮನ್ ಲಿಪಿಯಲ್ಲಿ ಅದಕ್ಕೇ 17 ಬೇಕು. ಮಡಕಶಿರಾ, ಅಮರಾಪುರ, ಗುಡಿಬಂಡೆ, ಅಗಳಿ ಕಡೆ ಇದು ದಿನವೂ ಕಿವಿಗೆ ಬೀಳುವ ಹೆಸರು. ಹಾಜರಿ ಕೂಗುವ ಮೇಷ್ಟರಿಗಾಗಲಿ, ಕಬಡ್ಡಿ ಪಂದ್ಯಕ್ಕೆ ಮೈಕು ಹಿಡಿದವರಿಗಾಗಲಿ ಇದನ್ನು ಹೇಳುವುದು ತೊಡಕಲ್ಲ. ಆಟಗಾರನ ಅಂಗಿಯ ಬೆನ್ನಿಗೋ ಟೀವಿ ಪರದೆಯ ಕೆಳಪಟ್ಟಿಗೋ ಪಾಸ್‌ಪೋರ್ಟಿಗೋ ಏರಿದಾಗ ಮಾತ್ರ ಅದು ಕಷ್ಟದ ಹೆಸರಾಗುತ್ತದೆ. ಕ್ರೀಡಾಲೋಕದಲ್ಲಿ ‘ಬಾಯಿಗೆ ಬಾರದ ಹೆಸರು’ ಎಂಬ ದೂರು ಹಳೆಯದು. ಅಮೆರಿಕದ ವೃತ್ತಿಪರ ಫುಟ್‌ಬಾಲಿನಲ್ಲಿ ಅದು ಒಂದು ಹಾಸ್ಯಪ್ರಕಾರವೇ ಆಗಿದೆ. ದಕ್ಷಿಣ ಭಾರತದ, ಅದರಲ್ಲೂ ಕನ್ನಡ ನೆಲದ ಆಟಗಾರರ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ, ನಾಲಿಗೆ ಕೆಡಿಸಿದ್ದಕ್ಕಿಂತ ಅರ್ಜಿ ನಮೂನೆ ಕೆಡಿಸಿದ್ದೇ ಹೆಚ್ಚು ಎಂದು ಗೊತ್ತಾಗುತ್ತದೆ.

ಇದನ್ನು ತಿಳಿಯಲು ಗಡಿಸೀಮೆ ಒಳ್ಳೆಯ ಜಾಗ. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಆಂಧ್ರ ರಾಜ್ಯ ರಚನೆಯಾದಾಗ ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ ಮೊದಲಿನಿಂದ ಅನಂತಪುರದ್ದೇ ಆಗಿದ್ದು, 2022ರ ಏಪ್ರಿಲ್‌ನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ನೊಳಂಬರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ಇರುವುದು ಇದೇ ಸೀಮೆಯ ಅಮರಾಪುರ ಮಂಡಲದಲ್ಲಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ ನಡೆಯುವ ಈ ಊರುಗಳಲ್ಲಿ ಹೆಸರಿಡುವ ಎರಡು ಪದ್ಧತಿಗಳು ಒಂದೇ ಬೀದಿಯಲ್ಲಿ ಬದುಕುತ್ತವೆ. ದೇವರು ಒಬ್ಬನೇ ಆದರೂ ಒಂದು ಮನೆಯಲ್ಲಿ ಆಂಜನಪ್ಪ, ಪಕ್ಕದ ಮನೆಯಲ್ಲಿ ಆಂಜನೇಯುಲು. ಇಲ್ಲಿ ಶ್ರೀನಿವಾಸಪ್ಪ, ಅಲ್ಲಿ ಶ್ರೀನಿವಾಸುಲು. ರಾಯದುರ್ಗದ ಬಳಿಯ ಮುರಡಿ ಆಂಜನೇಯನ ಹೆಸರಿನಲ್ಲಿ ಹನುಮಂತ, ಮಾರುತಿಗಳು ಹುಟ್ಟುತ್ತಾರೆ. ಹೇಮಾವತಿಯ ಸಿದ್ದೇಶ್ವರನ ಹೆಸರಿನಲ್ಲಿ ಸಿದ್ದಪ್ಪ, ಸಿದ್ದಮ್ಮಂದಿರು. ಒಂದೇ ಹೆಸರಿನವರು ಇಬ್ಬರಾದರೆ ದೊಡ್ಡತಿಮ್ಮಪ್ಪ, ಸಣ್ಣತಿಮ್ಮಪ್ಪ ಎಂದು ವಿಂಗಡಿಸಿ ಕರೆದರೆ ಆಯಿತು. ಊರೊಳಗಿನ ವ್ಯವಹಾರಕ್ಕೆ ಇದಕ್ಕಿಂತ ಹೆಚ್ಚಿನ ಗುರುತು ಬೇಕಾಗಿರಲಿಲ್ಲ.

ವ್ಯತ್ಯಾಸ ಕಾಣುವುದು ಹೆಸರಿನ ಮುಂದೆ ಏನಿದೆ ಎಂಬಲ್ಲಿ. ತೆಲುಗು ಪದ್ಧತಿಯಲ್ಲಿ ಇಂಟಿಪೇರು, ಎಂದರೆ ಮನೆತನದ ಹೆಸರು, ಮೊದಲು ಬರುತ್ತದೆ. ಸ್ವಂತ ಹೆಸರು ಆಮೇಲೆ. ರಾಯದುರ್ಗದ ಶಾಸಕ ಕಾಲವ ಶ್ರೀನಿವಾಸುಲು ಅವರ ಹೆಸರಿನಲ್ಲಿ ‘ಕಾಲವ’ ಇಂಥದ್ದು. ಹಳೆಮೈಸೂರು ಸೀಮೆಯ ಕನ್ನಡ ಪದ್ಧತಿಯಲ್ಲಿ ಮೊದಲು ಊರು, ಆಮೇಲೆ ತಂದೆ, ಕೊನೆಗೆ ತಾನು. ಮೊದಲೆರಡು ಸಾಮಾನ್ಯವಾಗಿ ಇನಿಷಿಯಲ್ಲಿನಲ್ಲಿ ಮುದುರಿಕೊಂಡಿರುತ್ತವೆ. ಮಡಕಶಿರಾ ಸೀಮೆಯ ರಾಜಕಾರಣಿ ಎನ್. ರಘುವೀರಾ ರೆಡ್ಡಿ ಅವರ ‘ಎನ್’ ನೀಲಕಂಠಾಪುರ ಎಂಬ ಅವರ ಊರು. ಇಂಟಿಪೇರು ಇಲ್ಲದ ಕನ್ನಡ ಮನೆತನದ ಮಗು ಆಂಧ್ರದ ಶಾಲೆಗೆ ಸೇರುವಾಗ ಆ ಕಲಮನ್ನು ಯಾವುದಾದರೂ ಒಂದರಿಂದ ತುಂಬಬೇಕಾಗುತ್ತದೆ. ಊರು ತುಂಬುವುದುಂಟು, ತಾತನ ಹೆಸರು ತುಂಬುವುದುಂಟು. ಜಾತಿಯ ಹೆಸರೇ ಅಲ್ಲಿ ಕೂತುಬಿಡುವುದೂ ಅನಂತಪುರದ ಕಡೆ ಅಪರೂಪವಲ್ಲ: ಬೋಯ, ಕುರುಬ, ಗೊಲ್ಲ ಎಂಬವು ಮತದಾರರ ಪಟ್ಟಿಯಲ್ಲಿ ಮನೆತನದ ಹೆಸರಿನ ಜಾಗದಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಶಾಲೆಯ ದಾಖಲೆಯಲ್ಲಿ ಹೇಗೆ ಬಿತ್ತೋ ಹಾಗೆಯೇ ಅದು ಆಧಾರ್‌ಗೆ, ಅಲ್ಲಿಂದ ಕ್ರೀಡಾ ಸಂಸ್ಥೆಯ ನೋಂದಣಿಗೆ ಹೋಗುತ್ತದೆ. ಆಟಗಾರ ಮುಂದೆ ಎಷ್ಟೇ ದೊಡ್ಡವನಾದರೂ ಜಗತ್ತು ಅವನನ್ನು ಕರೆಯುವುದು ಯಾರೋ ಗುಮಾಸ್ತರು ಆ ದಿನ ತುಂಬಿದ ಕ್ರಮದಲ್ಲಿ.

ಕನ್ನಡದ ಕ್ರಿಕೆಟಿಗರ ಪಟ್ಟಿ ಇದಕ್ಕೆ ಸಾಕ್ಷಿ. ಎರಪಳ್ಳಿ ಪ್ರಸನ್ನ, ಭಾಗವತ್ ಚಂದ್ರಶೇಖರ್, ಗುಂಡಪ್ಪ ವಿಶ್ವನಾಥ್, ಜಾವಗಲ್ ಶ್ರೀನಾಥ್. ಇಂಗ್ಲಿಷ್ ಕ್ರಿಕೆಟ್ ಪುಸ್ತಕಗಳಲ್ಲಿ ಇವರೆಲ್ಲ ಇರುವುದು ಹೀಗೆಯೇ. ಬೆಂಗಳೂರಿನ, ಮೈಸೂರಿನ ಮನೆಗಳಲ್ಲಿ ಇವರನ್ನು ಯಾರೂ ಎರಪಳ್ಳಿ ಎಂದೋ ಜಾವಗಲ್ ಎಂದೋ ಕೂಗಿರಲಾರರು. ಇ.ಎ.ಎಸ್. ಪ್ರಸನ್ನ ಎಂದರೆ ಎರಪಳ್ಳಿ ಅನಂತರಾವ್ ಶ್ರೀನಿವಾಸ ಪ್ರಸನ್ನ. ಮೊದಲ ಪದದ ‘ಪಳ್ಳಿ’ ಎಂಬ ಕೊನೆಯೇ ಊರಿನ ಗುರುತು. ಜಾವಗಲ್ ಹಾಸನ ಜಿಲ್ಲೆಯ ಒಂದು ಊರು. ಎರಡು ಪದ ಬೇಕೆನ್ನುವ ಇಂಗ್ಲಿಷ್ ಪದ್ಧತಿಗೆ ಇನಿಷಿಯಲ್ಲುಗಳನ್ನು ಬಿಡಿಸಿದಾಗ ಮೊದಲು ಸಿಕ್ಕಿದ್ದು ಊರು. ಊರೇ ‘ಫಸ್ಟ್ ನೇಮ್’ ಆಯಿತು. ಹಾಸನ ಜಿಲ್ಲೆಯ ಊರೊಂದು ಹೀಗೆ ಕೇಪ್‌ಟೌನಿನ ವೀಕ್ಷಕವಿವರಣೆಯಲ್ಲಿ ಒಬ್ಬ ವ್ಯಕ್ತಿಯ ಸಲುಗೆಯ ಹೆಸರಾಗಿ ಕೇಳಿಸಿತು.

ಊರು ಕೊನೆಗೆ ಹೋದದ್ದೂ ಇದೆ. ಕರಾವಳಿಯ ಹಲವು ಸಮುದಾಯಗಳಲ್ಲಿ ಮೂಲದ ಊರನ್ನು ಹೆಸರಿನ ತುದಿಗೆ ಇಡುವ ಬಳಕೆ. ಟೆಸ್ಟ್ ಕ್ರಿಕೆಟಿನಲ್ಲಿ 619 ವಿಕೆಟ್ ಪಡೆದ ಅನಿಲ್ ಕುಂಬ್ಳೆ ಅವರ ಹೆಸರಿನ ಕುಂಬ್ಳೆ ಈಗ ಕೇರಳದಲ್ಲಿರುವ ಕಾಸರಗೋಡು ಜಿಲ್ಲೆಯ ಊರು. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದ ಪ್ರಕಾಶ್ ಪಡುಕೋಣೆ ಅವರ ಪಡುಕೋಣೆ ಉಡುಪಿ ಜಿಲ್ಲೆಯದ್ದು. ಇವರಿಗೆ ನಮೂನೆಯಿಂದ ತೊಂದರೆಯಾಗಲಿಲ್ಲ. ಮೊದಲು ತನ್ನ ಹೆಸರು, ಆಮೇಲೆ ಮನೆತನದ್ದು ಎಂಬ ಇಂಗ್ಲಿಷ್ ಕ್ರಮಕ್ಕೆ ಕರಾವಳಿಯ ಕ್ರಮ ತಾನಾಗಿ ಹೊಂದಿತು. ಜಾವಗಲ್ ಶ್ರೀನಾಥ್ ಮತ್ತು ಅನಿಲ್ ಕುಂಬ್ಳೆ ಒಂದೇ ತಂಡದಲ್ಲಿ ವರ್ಷಗಟ್ಟಲೆ ಬೌಲಿಂಗ್ ಮಾಡಿದರು. ಒಬ್ಬರ ಊರು ಹೆಸರಿನ ಎಡಕ್ಕೆ, ಇನ್ನೊಬ್ಬರ ಊರು ಬಲಕ್ಕೆ. ಪರದೇಶದ ವೀಕ್ಷಕವಿವರಣೆಕಾರರಿಗೆ ಇದು ತಿಳಿಯುವ ಸಂಭವ ಕಡಿಮೆ. ಒಬ್ಬರನ್ನು ಶ್ರೀನಾಥ್ ಎಂದು ಕರೆದಾಗ ವ್ಯಕ್ತಿಯನ್ನೂ, ಇನ್ನೊಬ್ಬರನ್ನು ಕುಂಬ್ಳೆ ಎಂದು ಕರೆದಾಗ ಊರನ್ನೂ ಕರೆಯುತ್ತಿದ್ದರು.

ತಂದೆಯ ಹೆಸರು ಸಿಕ್ಕಿಹಾಕಿಕೊಂಡ ಪ್ರಸಂಗಗಳು ಇನ್ನೂ ರುಚಿಕಟ್ಟು. 1997ರಲ್ಲಿ ಭಾರತಕ್ಕೆ 4 ಟೆಸ್ಟ್ ಆಡಿದ ಬೆಂಗಳೂರಿನ ವೇಗಿಯ ಪೂರ್ಣ ಹೆಸರು ದೊಡ್ಡನರಸಯ್ಯ ಗಣೇಶ್. ಉದ್ದದ ಮೊದಲ ಪದವನ್ನು ಅರ್ಧಕ್ಕೆ ಕತ್ತರಿಸಿದ ಪತ್ರಿಕೆಗಳಲ್ಲಿ ಅವರು ದೊಡ್ಡ ಗಣೇಶ್ ಆದರು. ಕನ್ನಡ ಬಾರದವರಿಗೆ ಇದು ಮಾಮೂಲಿ ಹೆಸರು. ಬಸವನಗುಡಿಯ ದೊಡ್ಡ ಗಣೇಶನ ಗುಡಿಗೆ ಬೆಣ್ಣೆ ಅಲಂಕಾರ ನೋಡಲು ಹೋಗುವ ಬೆಂಗಳೂರಿಗರಿಗೆ ಮಾತ್ರ ನಗು ತಡೆಯುವುದು ಕಷ್ಟವಾಗಿತ್ತು. ಆ ಹೆಸರೇ ನಿಂತಿತು. ಕೆ.ಎಲ್. ರಾಹುಲ್ ಭಾರತ ತಂಡಕ್ಕೆ ಬಂದಾಗ ಹಲವು ವಿದೇಶಿ ಅಂಕಪಟ್ಟಿಗಳು ‘ಲೋಕೇಶ್ ರಾಹುಲ್’ ಎಂದು ಬರೆದವು. ಲೋಕೇಶ್ ಎಂಬುದು ತಂದೆಯ ಹೆಸರು. ಕಡೂರಿನ ವೇದಾ ಕೃಷ್ಣಮೂರ್ತಿ ವಿಷಯದಲ್ಲಿ ಕ್ರಮ ತಿರುಗಿದೆ: ತನ್ನ ಹೆಸರು ಮೊದಲು, ತಂದೆಯದು ಕೊನೆಗೆ. ಇದರಿಂದ ಸ್ಕೋರ್‌ಬೋರ್ಡಿನಲ್ಲಿ ಓಟಗಳೆಲ್ಲ ‘ಕೃಷ್ಣಮೂರ್ತಿ’ಯ ಖಾತೆಗೆ ಜಮೆಯಾದವು. ವೇಗಿ ವೈಶಾಖ್ ವಿಜಯಕುಮಾರ್ ಒಂದು ಕಡೆ ವೈಶಾಖ್ ವಿಜಯಕುಮಾರ್, ಇನ್ನೊಂದು ಕಡೆ ವಿಜಯಕುಮಾರ್ ವೈಶಾಖ್. ಒಬ್ಬರೇ ಆಟಗಾರ ಎರಡು ಪಟ್ಟಿಗಳಲ್ಲಿ ಎರಡು ಕ್ರಮದಲ್ಲಿದ್ದಾರೆ.

ಚದುರಂಗದ ವಿಶ್ವನಾಥನ್ ಆನಂದ್ ಅವರ ಪ್ರಸಂಗ ಎಲ್ಲರಿಗೂ ಗೊತ್ತಿರುವಂಥದ್ದು. ತಮಿಳು ಪದ್ಧತಿಯಂತೆ ವಿಶ್ವನಾಥನ್ ತಂದೆ, ಆನಂದ್ ತಾನು. ಯುರೋಪಿನವರು ಮೊದಲ ಪದವನ್ನು ಸಲುಗೆಯ ಹೆಸರೆಂದು ಭಾವಿಸಿ, ಅದನ್ನೂ ಮೊಟಕುಗೊಳಿಸಿ ‘ವಿಶಿ’ ಎಂದರು. ಕರ್ನಾಟಕದ ಕ್ರಿಕೆಟ್ ಪ್ರೇಮಿಗಳಿಗೆ ‘ವಿಶಿ’ ಎಂದರೆ ಭದ್ರಾವತಿಯ ಜಿ.ಆರ್. ವಿಶ್ವನಾಥ್. ಅವರ ಮಟ್ಟಿಗೆ ಅದು ಸ್ವಂತ ಹೆಸರಿನಿಂದಲೇ ಬಂದ ಮೊಟಕು. ಎರಡು ‘ವಿಶಿ’ಗಳಲ್ಲಿ ಒಂದು ಮಾತ್ರ ಸರಿಯಾದ ವಿಳಾಸಕ್ಕೆ ತಲುಪಿದೆ.

ಗಡಿಯಾಚೆಯ ತೆಲುಗು ಆಟಗಾರರ ಪಾಡು ಬೇರೆ. ಇಂಟಿಪೇರು ನಿಜವಾದ ಮನೆತನದ ಹೆಸರೇ ಆದ್ದರಿಂದ ಇಂಗ್ಲಿಷ್ ನಮೂನೆಯ ‘ಸರ್‌ನೇಮ್’ ಕಲಮಿಗೆ ಅದು ತಕ್ಕದ್ದು; ಅದು ಮೊದಲು ಬರುವುದೊಂದೇ ಎಡವಟ್ಟು. ಹೀಗಾಗಿ ಕೆಲವರದು ಇದ್ದಲ್ಲೇ ಉಳಿಯಿತು, ಕೆಲವರದು ಕೊನೆಗೆ ಜಿಗಿಯಿತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಭಾರ ಎತ್ತಿ ಕಂಚು ಗೆದ್ದು, ಒಲಿಂಪಿಕ್ ಪದಕ ಪಡೆದ ಮೊದಲ ಭಾರತೀಯ ಮಹಿಳೆಯಾದ ಕರಣಂ ಮಲ್ಲೇಶ್ವರಿ ಅವರದು ಇದ್ದಲ್ಲೇ ಇದೆ. ಕರಣಂ ಎಂಬುದು ಹಿಂದೆ ಹಳ್ಳಿಯ ಲೆಕ್ಕಪತ್ರ ನೋಡುತ್ತಿದ್ದ ಹುದ್ದೆ, ಕನ್ನಡದ ಕರಣಿಕ. ಪುಲ್ಲೇಲ ಗೋಪಿಚಂದ್, ಅಂಬಟಿ ರಾಯುಡು ಕೂಡ ಹಾಗೆಯೇ. ಪುಸರ್ಲ ವೆಂಕಟ ಸಿಂಧು ದೇಶಕ್ಕೆಲ್ಲ ಪಿ.ವಿ. ಸಿಂಧು, ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟದ ಪಟ್ಟಿಯಲ್ಲಿ ಪುಸರ್ಲ ವಿ. ಸಿಂಧು. ವಂಗಿಪುರಪು ವೆಂಕಟ ಸಾಯಿ ಲಕ್ಷ್ಮಣ್ ಮೂರು ಇನಿಷಿಯಲ್ಲುಗಳಿಗೆ ಇಳಿದು ಬಚಾವಾದರು. ಆ ಮೂರು ಅಕ್ಷರಗಳಿಗೆ ಅಭಿಮಾನಿಗಳು ‘ವೆರಿ ವೆರಿ ಸ್ಪೆಷಲ್’ ಎಂಬ ವಿಸ್ತರಣೆಯನ್ನೂ ಕೊಟ್ಟರು. ವಂಗಿಪುರಪು ಎಂಬುದನ್ನು ಲಾರ್ಡ್ಸ್‌ನಲ್ಲಿ ಯಾರೂ ಹೇಳಬೇಕಾಗಿ ಬರಲಿಲ್ಲ.

2011ರ ವಿಶ್ವ ಬ್ಯಾಡ್ಮಿಂಟನ್ ಚಾಂಪಿಯನ್‌ಷಿಪ್‌ನಲ್ಲಿ ಮಹಿಳಾ ಡಬಲ್ಸ್ ಕಂಚು ಗೆದ್ದ ಜೋಡಿಯನ್ನು ನೋಡಿದರೆ ಗೊಂದಲದ ಸ್ವರೂಪ ಬೇಗ ಅರ್ಥವಾಗುತ್ತದೆ. ಜ್ವಾಲಾ ಗುಟ್ಟ, ಅಶ್ವಿನಿ ಪೊನ್ನಪ್ಪ. ಗುಟ್ಟ ಎಂಬುದು ತೆಲುಗು ಇಂಟಿಪೇರು, ಕೊನೆಗೆ ಹೋಗಿದೆ. ಪೊನ್ನಪ್ಪ ಎಂಬುದು ಕೊಡಗಿನ ತಂದೆಯ ಹೆಸರು; ಅಶ್ವಿನಿಯವರ ಮನೆತನದ ಹೆಸರು ಮಾಚಿಮಂಡ. ಪರದೆಯ ಮೇಲೆ ಇಬ್ಬರ ಕೊನೆಯ ಪದಗಳೂ ಒಂದೇ ಗಾತ್ರದಲ್ಲಿ, ಒಂದೇ ಸ್ಥಾನದಲ್ಲಿ ಮೂಡಿದವು. ಒಂದು ಇಡೀ ವಂಶದ್ದು, ಇನ್ನೊಂದು ಒಬ್ಬ ವ್ಯಕ್ತಿಯದ್ದು.

ಕೊಡವರಲ್ಲಿ ಮನೆತನದ ಹೆಸರು ಖಚಿತವಾಗಿದೆ, ಹಳೆಯದಾಗಿದೆ, ಹೆಸರಿನ ಮೊದಲಲ್ಲೇ ಇರುತ್ತದೆ. ಆದರೂ ಹೊರಗೆ ಅದು ಕಾಣುವುದೇ ಇಲ್ಲ. 2024ರಲ್ಲಿ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ಅಗ್ರ ಕ್ರಮಾಂಕಕ್ಕೇರಿದ ರೋಹನ್ ಬೋಪಣ್ಣ ಮಚ್ಚಂಡ ಮನೆತನದವರು. ಅಂಪೈರುಗಳು ಕೂಗುವ ಬೋಪಣ್ಣ ಎಂಬುದು ತಂದೆಯ ಹೆಸರು. ಹಾಕಿಯ ಎಂ.ಪಿ. ಗಣೇಶ್ ಎಂದರೆ ಮೊಳ್ಳೇರ ಪೂವಯ್ಯ ಗಣೇಶ್, ಎಂ.ಎಂ. ಸೋಮಯ್ಯ ಎಂದರೆ ಮನೆಯಪಂಡ ಮುತ್ತಣ್ಣ ಸೋಮಯ್ಯ, ಎಸ್.ಕೆ. ಉತ್ತಪ್ಪ ಎಂದರೆ ಸಣ್ಣುವಂಡ ಕುಶಾಲಪ್ಪ ಉತ್ತಪ್ಪ. ಅದೇ ಜಿಲ್ಲೆಯ ಎಸ್.ವಿ. ಸುನಿಲ್ ಅವರ ‘ಎಸ್’ ಮಾತ್ರ ಮನೆತನವಲ್ಲ, ಸೋಮವಾರಪೇಟೆ. ‘ವಿ’ ತಂದೆ ವಿಠ್ಠಲಾಚಾರ್ಯ. ಒಂದೇ ಜಿಲ್ಲೆ, ಒಂದೇ ಹಾಕಿ ತಂಡ, ಇಬ್ಬರಿಗೂ ‘ಎಸ್’ ಇನಿಷಿಯಲ್. ಒಬ್ಬರದು ಮನೆ, ಇನ್ನೊಬ್ಬರದು ಊರು.

ಇನಿಷಿಯಲ್ಲಿನೊಳಗೆ ಅಡಗಿ ಹೋದ ಈ ಮನೆತನಗಳಿಗೆ ಕೊಡಗಿನಲ್ಲಿ ವರ್ಷಕ್ಕೊಮ್ಮೆ ಬಯಲಿಗೆ ಬರುವ ಅವಕಾಶವಿದೆ. ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೌಟುಂಬಿಕ ಹಾಕಿ ಹಬ್ಬದಲ್ಲಿ ತಂಡದ ಹೆಸರೇ ಮನೆತನದ ಹೆಸರು. ಮೊದಲ ವರ್ಷ 60 ಕುಟುಂಬಗಳು ಆಡಿದವು; 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ಅಂತರರಾಷ್ಟ್ರೀಯ ಪಂದ್ಯದಲ್ಲಿ ಯಾರೂ ಉಚ್ಚರಿಸದ ಅಪ್ಪಚೆಟ್ಟೋಳಂಡ, ಕುಲ್ಲೇಟಿರ, ಕುಂಡ್ಯೋಳಂಡಗಳನ್ನು ಇಲ್ಲಿ ಧ್ವನಿವರ್ಧಕ ಇಡೀ ದಿನ ಕೂಗುತ್ತದೆ. ಮನೆಯಿಂದ ಮನೆಗೆ ಹೋಗುವ ಚೆಂಡಿಗೆ ವಿಳಾಸ ತಪ್ಪುವ ಪ್ರಶ್ನೆಯೇ ಇಲ್ಲ. ಹೆಸರಿನ ಕಷ್ಟ ಎಂಬುದು ಕೇಳುಗರ ಬಳಕೆಯನ್ನು ಅವಲಂಬಿಸಿದೆ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಕ್ರೀಡಾಲೋಕದಲ್ಲಿ ಹುಡುಕುವುದು ಕಷ್ಟ.

ಲಿಪಿಯ ತೊಂದರೆ ಇನ್ನೊಂದು ಬಗೆಯದು. ಕನ್ನಡದ ಲ ಮತ್ತು ಳ, ನ ಮತ್ತು ಣ, ತ ಮತ್ತು ಟ, ಹ್ರಸ್ವ ಮತ್ತು ದೀರ್ಘ, ಇವುಗಳ ಭೇದವನ್ನು ಸಾದಾ ರೋಮನ್ ಬರಹ ತೋರಿಸುವುದಿಲ್ಲ. ಕುಂಬ್ಳೆ ಹಿಂದಿ ವಿವರಣೆಯಲ್ಲಿ ಕುಂಬ್ಲೆ ಆಗುತ್ತಾರೆ, ಪಡುಕೋಣೆ ಪಾದುಕೋನ್ ಆಗುತ್ತಾರೆ. ದಕ್ಷಿಣದವರು ತ ಅಕ್ಷರಕ್ಕೆ ‘ಟಿ-ಎಚ್’ ಬರೆಯುತ್ತಾರೆ, ಏಕೆಂದರೆ ಬರಿಯ ‘ಟಿ’ ಅವರಿಗೆ ಟ. ಉತ್ತರದವರಿಗೆ ‘ಟಿ-ಎಚ್’ ಎಂದರೆ ಥ. ರಾಬಿನ್ ಉತ್ತಪ್ಪ ಉತ್ತರದ ಬಾಯಲ್ಲಿ ಉಥಪ್ಪ ಆದದ್ದು ಹೀಗೆ. ಹಿಂದಿ ವಿವರಣೆಕಾರರು ಬೇಕೆಂದು ತಪ್ಪು ಹೇಳಿದ್ದಲ್ಲ. ಕಂಡದ್ದನ್ನು ತಮ್ಮ ಪದ್ಧತಿಯಲ್ಲಿ ಓದಿದರು. ಅದೇ ಹೆಸರನ್ನು ದೇವನಾಗರಿಯಲ್ಲಿ ಬರೆದು ಕೊಟ್ಟಿದ್ದರೆ ಸರಿಯಾಗಿಯೇ ಓದುತ್ತಿದ್ದರು. ಎರಡು ಭಾರತೀಯ ಭಾಷೆಗಳ ನಡುವೆ ಹೆಸರು ರೋಮನ್ ಲಿಪಿಯ ದಾರಿ ಹಿಡಿದು ಪ್ರಯಾಣ ಮಾಡುವುದರಿಂದ ಹುಟ್ಟಿದ ಕಷ್ಟವಿದು. ಶ್ರೀಲಂಕಾದ ಮುತ್ತಯ್ಯ ಮುರಳೀಧರನ್ ಅವರ ಹೆಸರು ಬಹುಕಾಲ ‘ಟಿ-ಎಚ್’ ಇಟ್ಟುಕೊಂಡು ಓಡಾಡಿತು. ಆಸ್ಟ್ರೇಲಿಯಾ ಮತ್ತು ಶ್ರೀಲಂಕಾ ನಡುವಿನ ವಾರ್ನ್–ಮುರಳೀಧರನ್ ಟ್ರೋಫಿಯ ಹೆಸರಿನಲ್ಲಿ ಅವರು ಒಪ್ಪಿದ ‘ಡಿ’ ಬಂತು.

ಶ್ರೀಲಂಕಾದವರೇ ಉದ್ದದ ಹೆಸರಿಗೆ ಒಂದು ಪರಿಹಾರವನ್ನೂ ಕಂಡುಕೊಂಡಿದ್ದಾರೆ. ವರ್ಣಕುಲಸೂರ್ಯ ಪಟಬೆಂದಿಗೆ ಉಶಾಂತ ಜೋಸೆಫ್ ಚಮಿಂಡ ವಾಸ್ ಐದು ಇನಿಷಿಯಲ್ ಹೊತ್ತುಕೊಂಡೂ ಕೂಗುವುದಕ್ಕೆ ಬರಿಯ ವಾಸ್. ಭಾರತದ ಎಲ್ಲ ಆಟಗಾರರ ವಿಷಯದಲ್ಲೂ ಇಂಥ ಒಪ್ಪಂದ ಗೌರವದಿಂದ ಆಗಿಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರ್ ಪರ ಆಡಿದಾಗ ಚೇತೇಶ್ವರ ಪೂಜಾರ ಅವರನ್ನು ಸಹ ಆಟಗಾರರು ‘ಸ್ಟೀವ್’ ಎಂದು ಕರೆಯುತ್ತಿದ್ದರು, ಹೆಸರು ಹೇಳಲು ಬಾರದೆಂಬ ಕಾರಣಕ್ಕೆ. ಆ ಕೌಂಟಿಯ ಜನಾಂಗಭೇದದ ಪ್ರಕರಣ 2021ರಲ್ಲಿ ಬ್ರಿಟಿಷ್ ಸಂಸದೀಯ ಸಮಿತಿಯ ಮುಂದೆ ಹೋದಾಗ ಇದೂ ಚರ್ಚೆಗೆ ಬಂತು. ಹಾಗೆ ಕರೆದವರಲ್ಲಿ ಒಬ್ಬ ಆಟಗಾರ ಕ್ಷಮೆ ಕೇಳಿದರು. ಚಂದ್ರಶೇಖರ್ ಅವರ ಚಂದ್ರ, ಪ್ರಸನ್ನ ಅವರ ಪ್ರಸ್, ಕುಂಬ್ಳೆ ಅವರ ಜಂಬೊ ಎಂಬ ಅಡ್ಡಹೆಸರುಗಳ ಜೊತೆಗೆ ಸ್ಟೀವನ್ನು ಇಡಲಾಗದು. ಮೊದಲಿನವು ಆಟಗಾರನ ಹೆಸರಿನಿಂದಲೋ ಮೈಕಟ್ಟಿನಿಂದಲೋ ಆಟದಿಂದಲೋ ಹುಟ್ಟಿದವು. ಸ್ಟೀವ್ ಹುಟ್ಟಿದ್ದು ಕಲಿಯುವ ಸೋಮಾರಿತನದಿಂದ.

ಬೆನ್ನ ಮೇಲೆ ಹೆಸರು ಬರೆಯುವ ವಾಡಿಕೆ ಅಮೆರಿಕದ್ದು. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಲ್ಲಿನ ಫುಟ್‌ಬಾಲಿನಲ್ಲಿ 1960ರಲ್ಲಿ ಹೊಸದಾಗಿ ಹುಟ್ಟಿದ ಅಮೆರಿಕನ್ ಫುಟ್‌ಬಾಲ್ ಲೀಗ್ ಅದನ್ನು ಜಾರಿಗೆ ತಂದಿತು. 1970ರಲ್ಲಿ ಎರಡು ಲೀಗುಗಳು ಒಂದಾದಾಗ ಹಳೆಯ ರಾಷ್ಟ್ರೀಯ ಫುಟ್‌ಬಾಲ್ ಲೀಗೂ ಒಪ್ಪಿಕೊಂಡಿತು. ಕ್ರಿಕೆಟಿನಲ್ಲಿ 1992ರ ಬಣ್ಣದ ಅಂಗಿಯ ವಿಶ್ವಕಪ್‌ನಲ್ಲಿ ಬೆನ್ನಿಗೆ ಹೆಸರು ಬಂತು, ಟೆಸ್ಟಿನ ಬಿಳಿ ಅಂಗಿಗೆ ಬರಲು 2019ರ ಆ್ಯಷಸ್‌ವರೆಗೆ ಕಾಯಬೇಕಾಯಿತು. ಅಮೆರಿಕದ ಆಟಗಾರರು ತಲೆಗೆ ಶಿರಸ್ತ್ರಾಣ, ಮುಖಕ್ಕೆ ಜಾಲರಿ ಹಾಕಿರುವುದರಿಂದ ಪ್ರೇಕ್ಷಕರಿಗೆ ಮುಖಕ್ಕಿಂತ ಬೆನ್ನೇ ಪರಿಚಯ. ಅಲ್ಲಿ ಟಿ.ಜೆ. ಹೂಷ್‌ಮಂಡ್‌ಜಾದೆ ಎಂಬ ಆಟಗಾರನ 14 ರೋಮನ್ ಅಕ್ಷರಗಳು ಒಂದು ಭುಜದಿಂದ ಇನ್ನೊಂದಕ್ಕೆ ಕಮಾನಾಗಿ ಹಬ್ಬುತ್ತಿದ್ದವು. ಹನುಮಂತರಾಯಪ್ಪನಿಗಿಂತ 3 ಕಡಿಮೆ.

ಆ ಲೀಗಿನ ‘ಕಷ್ಟದ’ ಹೆಸರುಗಳಲ್ಲಿ ಬೇರೆ ಬೇರೆ ಜಾತಿಗಳಿವೆ. ಹೂಷ್‌ಮಂಡ್‌ಜಾದೆ ತಂದೆಯ ಕಡೆಯಿಂದ ಇರಾನಿನ ಹೆಸರು. ಶಹಜಾದೆಯ ‘ಜಾದೆ’ಯನ್ನು ಕೇಳಿರುವ ಕನ್ನಡಿಗರಿಗೆ ಅರ್ಧ ಪರಿಚಿತವೇ. ಎನ್‌ಡಾಮಕನ್ ಸೂ ಅವರ ಹೆಸರು ಕ್ಯಾಮರೂನಿನದು, ನಾಮ್ಡಿ ಅಸೊಮುವಾ ಅವರದು ನೈಜೀರಿಯದ ಇಗ್ಬೊ. ಟೂವಾ ಟಂಗೊವೈಲೋವಾ ಸಮೋವ ದ್ವೀಪದ ಮೂಲದವರು. ಟೂವಾ ಎಂಬುದು ಟುವಾನಿಗಮಾನುವೊಲೆಪೊಲ ಎಂಬ ಪೂರ್ಣ ಹೆಸರಿನ ಮೊಟಕು. ಪ್ರತಿಯೊಂದು ಉಚ್ಚಾರಾಂಶವೂ ಸ್ವರದಲ್ಲಿ ಮುಗಿಯುವ ಈ ಹೆಸರು ಇಂಗ್ಲಿಷಿನವರಿಗೆ ಬೆವರಿಳಿಸುತ್ತದೆ. ತಿಮ್ಮಪ್ಪ, ರಂಗಪ್ಪಗಳಲ್ಲಿ ಬೆಳೆದ ನಾಲಿಗೆಗೆ ಅದು ಅಷ್ಟು ದೂರದ್ದಲ್ಲ. ಇಂಗ್ಲಿಷ್ ಬಲ್ಲವರೇ ಎಡವುವ ಹೆಸರು ಬ್ರೆಟ್ ಫಾರ್ವ್ ಅವರದು: ಬರೆಯುವುದು ಒಂದು ಕ್ರಮದಲ್ಲಿ, ಹೇಳುವುದು ಇನ್ನೊಂದರಲ್ಲಿ. ಅಕ್ಷರದಂತೆ ಓದುವ ಕನ್ನಡಿಗರಿಗೆ ಸಮೋವದ ಹೆಸರಿಗಿಂತ ಈ ಐದಕ್ಷರದ ಹೆಸರೇ ಹೆಚ್ಚು ಮೋಸ ಮಾಡೀತು. ಭಾರತೀಯ ತಂದೆಯ ಮಗ ಬ್ರ್ಯಾಂಡನ್ ಚಿಲ್ಲರ್ 2004ರಿಂದ 2010ರವರೆಗೆ ಸೇಂಟ್ ಲೂಯಿಸ್ ಮತ್ತು ಗ್ರೀನ್ ಬೇ ತಂಡಗಳಲ್ಲಿದ್ದರು. ಅವರ ಹೆಸರು ಯಾರಿಗೂ ಕಷ್ಟವಾಗಲಿಲ್ಲ. ಕನ್ನಡದಲ್ಲಿ ಕೇಳಿದರೆ ಸ್ವಲ್ಪ ಚಿಲ್ಲರೆಯಾಗಿ ಕೇಳೀತು, ಅಷ್ಟೆ.

ಹೆತ್ತವರು ಕಟ್ಟಿದ ಹೊಸ ಹೆಸರುಗಳು ಇನ್ನೊಂದು ಗುಂಪು. ಡಿಬ್ರಿಕಶಾ ಫರ್ಗ್ಯೂಸನ್ ಅವರ ಹೆಸರು ‘ದ ಥಾರ್ನ್ ಬರ್ಡ್ಸ್’ ಕಾದಂಬರಿಯ ಪಾದ್ರಿ ಡಿ ಬ್ರಿಕಸಾರ್ಟ್‌ನಿಂದ ಬಂದದ್ದು. ಈಕ್ವನಿಮಿಯಸ್ ಸೇಂಟ್ ಬ್ರೌನ್ ಮತ್ತು ತಮ್ಮ ಅಮನ್ ರಾ ಸೇಂಟ್ ಬ್ರೌನ್ ಇಬ್ಬರಲ್ಲಿ ಒಬ್ಬರದು ಸಮಚಿತ್ತ ಎಂಬರ್ಥದ ಇಂಗ್ಲಿಷ್ ಮಾತನ್ನು ಹೋಲುತ್ತದೆ, ಇನ್ನೊಬ್ಬರದು ಈಜಿಪ್ಟಿನ ದೇವರು. ಚಾಡ್ ಜಾನ್ಸನ್ ಎಂಬ ಸುಲಭ ಹೆಸರಿನವರು 2008ರಲ್ಲಿ ತಮ್ಮ ಅಂಗಿಯ ಸಂಖ್ಯೆ 85ನ್ನು ಸ್ಪ್ಯಾನಿಷಿನ ಬಿಡಿ ಅಂಕಿಗಳಲ್ಲಿ ಹೇಳಿ ಕಾನೂನುಬದ್ಧವಾಗಿ ಒಚೊಸಿಂಕೊ ಆದರು. 2012ರಲ್ಲಿ ಮತ್ತೆ ಜಾನ್ಸನ್. ಕೀಗನ್ ಮೈಕಲ್ ಕೀ ಮತ್ತು ಜೋರ್ಡನ್ ಪೀಲ್ 2012ರಲ್ಲಿ ಇಂಥ ಹೆಸರುಗಳನ್ನು ಅಣಕಿಸುವ ಕಾಲ್ಪನಿಕ ಆಟಗಾರರ ಪಟ್ಟಿಯೊಂದನ್ನು ಟೀವಿಯಲ್ಲಿ ಆಡಿ ತೋರಿಸಿದರು. 2015ರ ಮೂರನೇ ಕಂತಿನಲ್ಲಿ ನಿಜವಾದ ಆಟಗಾರರೂ ಬಂದು ತಮ್ಮ ನಿಜವಾದ ಹೆಸರುಗಳನ್ನು ಹೇಳಿದರು. ಆ ನಗುವಿನಲ್ಲಿ ಪಾಲುಗೊಂಡವರೆಲ್ಲ ಒಂದೇ ಕಾರಣಕ್ಕೆ ನಕ್ಕಿರಲಾರರು. ಕಪ್ಪು ಅಮೆರಿಕನ್ನರು ಗುಲಾಮಗಿರಿಯ ಕಾಲದಲ್ಲಿ ಯಜಮಾನರ ಹೆಸರು ಹೊತ್ತವರು. 1960ರ ದಶಕದ ಹಕ್ಕಿನ ಚಳವಳಿಯ ನಂತರ ಮಕ್ಕಳಿಗೆ ತಾವೇ ಕಟ್ಟಿದ ಹೆಸರಿಡುವುದು ಅಲ್ಲಿ ವ್ಯಾಪಕವಾಯಿತು. ಹೆಸರು ವಿಚಿತ್ರವೆಂದು ನಗುವವರು ಈ ಚರಿತ್ರೆಯನ್ನು ಸಾಮಾನ್ಯವಾಗಿ ಬಿಟ್ಟು ನಗುತ್ತಾರೆ.

ಅಮೆರಿಕದ ಲೀಗಿನಿಂದ ಕಲಿಯಬೇಕಾದ ಒಂದು ವ್ಯವಸ್ಥೆಯಿದೆ. ತಂಡಗಳು ಋತುವಿನ ಆರಂಭದಲ್ಲೇ ಆಟಗಾರರ ಹೆಸರನ್ನು ಹೇಗೆ ಹೇಳಬೇಕೆಂಬ ಪಟ್ಟಿಯನ್ನು ಸುದ್ದಿಗಾರರಿಗೆ ಕೊಡುತ್ತವೆ, ಅನುಮಾನವಿದ್ದರೆ ವಿವರಣೆಕಾರರು ಪಂದ್ಯಕ್ಕೆ ಮೊದಲೇ ಕೇಳಿಕೊಳ್ಳುತ್ತಾರೆ. ಟೀವಿ ಪ್ರಸಾರದಲ್ಲಿ ಆಟಗಾರರೇ ಮುಖ ತೋರಿಸಿ ತಮ್ಮ ಹೆಸರು, ಕಾಲೇಜು ಹೇಳುವ ತುಣುಕುಗಳೂ ಇರುತ್ತವೆ. ತಂದೆ–ಮಕ್ಕಳಿಗೆ ಒಂದೇ ಹೆಸರಿದ್ದರೆ ಜೋಡಿಸುವ ‘ಜೂನಿಯರ್’, ‘ಮೂರನೆಯ’ ಎಂಬ ಬಾಲಕ್ಕೂ 2012ರಿಂದ ಅಂಗಿಯ ಮೇಲೆ ಜಾಗ ಸಿಕ್ಕಿತು. ರಾಬರ್ಟ್ ಗ್ರಿಫಿನ್ ಅದನ್ನು ಮೊದಲು ಹೊತ್ತವರು. ದೊಡ್ಡತಿಮ್ಮಪ್ಪ–ಸಣ್ಣತಿಮ್ಮಪ್ಪರ ಸಮಸ್ಯೆಯನ್ನು ಅಲ್ಲಿ ಅಂಕಿಯಿಂದ ಬಗೆಹರಿಸಿದ್ದಾರೆ.

ವಿದೇಶದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ಪ್ರಶ್ನೆ ಕ್ರೀಡೆಗಿಂತ ಮೊದಲು ವಿಮಾನ ನಿಲ್ದಾಣದಲ್ಲೇ ಎದುರಾಗುತ್ತದೆ. ಅಂತರರಾಷ್ಟ್ರೀಯ ನಿಯಮದಂತೆ ಪಾಸ್‌ಪೋರ್ಟಿನ ಕೆಳಗಿನ ಯಂತ್ರ ಓದುವ ಸಾಲಿನಲ್ಲಿ ಹೆಸರಿಗೆ ಎರಡೇ ವಿಭಾಗ: ಮನೆತನದ್ದು ಮತ್ತು ಕೊಟ್ಟದ್ದು. ಎರಡನೆಯದು ಖಾಲಿ ಬಿಟ್ಟವರ ಅಮೆರಿಕ ವೀಸಾದಲ್ಲಿ ‘ಮೊದಲ ಹೆಸರು ಗೊತ್ತಿಲ್ಲ’ ಎಂಬುದರ ಮೂರಕ್ಷರದ ಸಂಕ್ಷೇಪ ಅಚ್ಚಾಗುತ್ತದೆ; ಎಷ್ಟೋ ಜನ ದಕ್ಷಿಣ ಭಾರತೀಯರು ಅಲ್ಲಿನ ಬ್ಯಾಂಕು, ಆಸ್ಪತ್ರೆಗಳಲ್ಲಿ ಆ ಸಂಕ್ಷೇಪದಿಂದಲೇ ಕರೆಸಿಕೊಂಡಿದ್ದಾರೆ. 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾ ಮೇಲೆ ಪ್ರವೇಶವಿಲ್ಲವೆಂದಿತು. ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕೆಂದು ಕೂಡಲೇ ಸಡಿಲಿಸಿತು.

ಇಂಥ ಅನುಭವದ ನೆರಳು ಮಕ್ಕಳ ಹೆಸರಿನ ಮೇಲೂ ಬೀಳುತ್ತದೆ. ಬೆಂಗಳೂರಿನಿಂದ ನ್ಯೂಜಿಲೆಂಡಿಗೆ ಹೋದ ಕುಟುಂಬದಲ್ಲಿ 1999ರಲ್ಲಿ ವೆಲಿಂಗ್ಟನ್‌ನಲ್ಲಿ ಹುಟ್ಟಿದ ರಚಿನ್ ರವೀಂದ್ರ 2023ರ ವಿಶ್ವಕಪ್‌ನಲ್ಲಿ 3 ಶತಕಗಳೊಂದಿಗೆ 578 ಓಟ ಗಳಿಸಿದಾಗ, ರಾಹುಲ್ ದ್ರಾವಿಡ್ ಮತ್ತು ಸಚಿನ್ ತೆಂಡೂಲ್ಕರ್ ಇಬ್ಬರ ಹೆಸರನ್ನೂ ಬೆಸೆದು ಇಟ್ಟ ಹೆಸರದು ಎಂಬ ಕಥೆ ದೇಶವೆಲ್ಲ ಹರಡಿತು. ತಂದೆ ಅದನ್ನು ಅಲ್ಲಗಳೆದರು: ತಾಯಿ ಸೂಚಿಸಿದ ಹೆಸರು ಕೇಳಲು ಚೆನ್ನಾಗಿತ್ತು, ಚಿಕ್ಕದಾಗಿತ್ತು, ಕಾಗುಣಿತ ಸುಲಭವಿತ್ತು ಎಂಬುದೇ ಕಾರಣ. ಕ್ರಿಕೆಟ್ ಕಥೆಗಿಂತ ಇದು ಸಪ್ಪೆಯಾಗಿರಬಹುದು, ಆದರೆ ಪರದೇಶದ ಕನ್ನಡ ಮನೆಗಳಲ್ಲಿ ಹೆಸರು ಆರಿಸುವ ಮಾನದಂಡವನ್ನು ಹೆಚ್ಚು ನಿಜವಾಗಿ ಹೇಳುತ್ತದೆ. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಿಂತವರು ನೊಸ್ತುಷ್ ಕೆಂಜಿಗೆ. ಅಲಬಾಮದ ಆಬರ್ನ್‌ನಲ್ಲಿ ಹುಟ್ಟಿ, ಚಿಕ್ಕಮಗಳೂರಿನ ನಂಟು ಉಳಿಸಿಕೊಂಡ ಈ ಎಡಗೈ ಸ್ಪಿನ್ನರ್ 2024ರ ಜೂನ್ 6ರಂದು ಡಲ್ಲಾಸ್‌ನಲ್ಲಿ ಅಮೆರಿಕ ತಂಡ ಪಾಕಿಸ್ತಾನವನ್ನು ಸೂಪರ್ ಓವರಿನಲ್ಲಿ ಮಣಿಸಿದ ಪಂದ್ಯದಲ್ಲಿ 30 ಓಟಕ್ಕೆ 3 ವಿಕೆಟ್ ಪಡೆದರು. ಕೆಂಜಿಗೆ ಎಂಬುದನ್ನು ಕನ್ನಡಿಗರು ತಡೆಯಿಲ್ಲದೆ ಓದಿದರು. ನೊಸ್ತುಷ್ ಎಂಬುದು ಅಮೆರಿಕನ್ನರಿಗೆ ಎಷ್ಟು ಹೊಸದೋ ಚಿಕ್ಕಮಗಳೂರಿನವರಿಗೂ ಅಷ್ಟೇ ಹೊಸದಾಗಿತ್ತು.

ಅನಂತಪುರಕ್ಕೆ ಬಂದರೆ, ಇಂಗ್ಲಿಷಿನದಲ್ಲದ ಇನ್ನೊಂದು ಪದ್ಧತಿ ಅಲ್ಲಿನ ಮೈದಾನದಲ್ಲೇ ಇದೆ. ಸ್ಪೇನಿನ ವಿಸೆಂಟೆ ಫೆರರ್ 1969ರಲ್ಲಿ ಅನಂತಪುರದಲ್ಲಿ ಆರಂಭಿಸಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ನಗರದ ಹೊರವಲಯದಲ್ಲಿ ಕ್ರೀಡಾಗ್ರಾಮವನ್ನು ಕಟ್ಟಿದೆ. ಟೆನಿಸ್‌ನ ರಫೆಲ್ ನಡಾಲ್ ಅವರ ಪ್ರತಿಷ್ಠಾನ 2010ರಲ್ಲಿ ಅಲ್ಲಿ ಮಕ್ಕಳ ಟೆನಿಸ್ ಶಾಲೆ ತೆರೆಯಿತು. ಸ್ಪೇನಿನವರಿಗೆ ಕೊನೆಯ ಹೆಸರು ಎರಡು: ಮೊದಲು ತಂದೆಯ ಮನೆತನ, ಆಮೇಲೆ ತಾಯಿಯದು. ನಡಾಲ್ ಅವರ ಪೂರ್ಣ ಹೆಸರು ರಫೆಲ್ ನಡಾಲ್ ಪರೇರಾ, ಫೆರರ್ ಅವರದು ವಿಸೆಂಟೆ ಫೆರರ್ ಮಾಂಚೊ. ಕೊನೆಯ ಪದವೇ ಮುಖ್ಯವೆಂದು ನಂಬುವ ಇಂಗ್ಲಿಷ್ ಪಟ್ಟಿಗೆ ಕೊಟ್ಟರೆ ಇವರೂ ಪರೇರಾ, ಮಾಂಚೊ ಆಗಬೇಕಾಗುತ್ತಿತ್ತು. ಯುರೋಪಿನವರಾದ್ದರಿಂದ ಜಗತ್ತು ಅವರ ಪದ್ಧತಿಯನ್ನು ಕೇಳಿ ತಿಳಿದುಕೊಂಡಿತು. ಇಂಟಿಪೇರಿಗೂ ಊರಿನ ಇನಿಷಿಯಲ್ಲಿಗೂ ಆ ಮರ್ಯಾದೆ ಇನ್ನೂ ಪೂರ್ತಿಯಾಗಿ ಸಿಕ್ಕಿಲ್ಲ.

ಅದೇ ಟ್ರಸ್ಟಿನ ಮೈದಾನದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ದುಲೀಪ್ ಟ್ರೋಫಿ ಪಂದ್ಯಗಳು ನಡೆದು, ಬೆಂಗಳೂರಿನ ಮಯಂಕ್ ಅಗರವಾಲ್ ನಾಯಕತ್ವದ ಇಂಡಿಯಾ ‘ಎ’ ಗೆದ್ದಿತು. ಕರ್ನಾಟಕದ ದೇವದತ್ತ ಪಡಿಕ್ಕಲ್, ಪ್ರಸಿದ್ಧ ಕೃಷ್ಣ, ವೈಶಾಖ್ ವಿಜಯಕುಮಾರ್ ಆ ಟೂರ್ನಿಯ ತಂಡಗಳಲ್ಲಿದ್ದರು. ಪ್ರಸಿದ್ಧ ಕೃಷ್ಣ ಅವರನ್ನು ಪರದೆ ‘ಕೃಷ್ಣ’ ಎಂದು ತೋರಿಸಿದರೆ ಇಂಗ್ಲಿಷ್ ವಿವರಣೆ ‘ಪ್ರಸಿದ್’ ಎನ್ನುತ್ತದೆ, ಕೊನೆಯ ಮಹಾಪ್ರಾಣ ಬಿಟ್ಟು. ಕನ್ನಡ ವಿವರಣೆ ಎರಡನ್ನೂ ಸರಿಯಾಗಿಯೇ ಹೇಳುತ್ತದೆ, ಆದರೆ ಪರದೆಯ ಮೇಲಿನ ಅಂಕಪಟ್ಟಿ ಅಲ್ಲಿಯೂ ಬಹುಪಾಲು ರೋಮನ್ ಲಿಪಿಯಲ್ಲೇ ಇರುತ್ತದೆ.